ಕಾಲಿಲ್ಲದ ಜೀವಕ್ಕೆ ಮಣ್ಣು ಕಲಸಿದ ಸಿದ್ದ

"ಕಾಲೇ ಇಲ್ದೆ ಮರಿಗೆ ಹಾಲು ಹೆಂಗೆ ಕೊಡ್ತದೆ?"

ಕೇಳಿದ್ದು ಯಾರನ್ನೂ ಅಲ್ಲ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರ್ನಾಡಿನ ಸಂತೆಮಾಳದ ಹಿಂದಿನ ತನ್ನ ಚಪ್ಪರದಲ್ಲಿ ಕುಂಬಾರ ಸಿದ್ದ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಎಡಕ್ಕೆ ಹಲಗೆಯ ಮೇಲೆ ಮಣ್ಣಿನ ನಾಯಿಗಳು ಸಾಲಾಗಿ ನಿಂತಿವೆ. ಎದುರಿಗೆ ಇನ್ನೊಂದು ಇದೆ, ನುಣುಪು ಮೈ, ಚೂಪು ಮೂತಿ. ಕೈಬಿಟ್ಟರೆ ಮಗ್ಗುಲಿಗೆ ಹೊರಳುತ್ತದೆ. ಸಿದ್ದ ಎತ್ತಿ ನಿಲ್ಲಿಸುತ್ತಾನೆ. ಅದು ಮತ್ತೆ ಹೊರಳುತ್ತದೆ.

ಈ ಸೀಮೆಯಲ್ಲಿ ನಾಯಿ ಸಾಕಿದವರಿಗೆಲ್ಲ ಸಿದ್ದ ಬೇಕು. ನಾಯಿ ಕಾಯಿಲೆಯಿಂದ ಎದ್ದರೆ, ಕಾಡಲ್ಲಿ ತಪ್ಪಿಸಿಕೊಂಡರೆ, ಹಂದಿಬೇಟೆಯಲ್ಲಿ ಸತ್ತರೆ, ಅದರ ಹೆಸರಲ್ಲೊಂದು ಮಣ್ಣಿನ ನಾಯಿಯನ್ನು ದೇವರಕಾಡಿನ ಅಯ್ಯಪ್ಪನಿಗೆ ಒಪ್ಪಿಸುವುದು ಇಲ್ಲಿಯ ಪದ್ಧತಿ. ಅಪ್ಪನ ಕಾಲದಿಂದ ಆ ನಾಯಿಗಳು ಸಿದ್ದನ ಚಪ್ಪರದಿಂದಲೇ ಹೋಗುತ್ತವೆ. ತಿಗರಿಯ ಮೇಲೆ ಟೊಳ್ಳು ಮೈ ಎತ್ತಿ, ಅಂಗೈಯಲ್ಲಿ ಕಾಲು ಹೊಸೆದು, ತೆಳುಮಣ್ಣು ಸವರಿ ಹಚ್ಚುತ್ತಾನೆ. ಆಮೇಲೆ ಹಲಗೆಯ ಮೇಲಿಟ್ಟು ಕೈಬಿಡುತ್ತಾನೆ. ವಾಲಿದ್ದು ಮತ್ತೆ ಮಣ್ಣಿನ ಗುಂಡಿಗೆ.

"ಅಯ್ಯಪ್ಪನ ಮುಂದೆ ಎದ್ದು ನಿಂತಿರಬೇಕು ಸ್ವಾಮಿ. ಬಿದ್ಕೊಂಡಿರೋ ನಾಯಿ ಬೇಟೆಗೆ ಹೋಗ್ತದಾ?" ಅಪ್ಪ ಹೇಳುತ್ತಿದ್ದ ಈ ಮಾತನ್ನೇ ಸಿದ್ದ ಕೇಳಿದವರಿಗೆಲ್ಲ ಹೇಳುತ್ತಾನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಸ್ಸುಗಳು ಹೆಚ್ಚಾಗಿವೆ, ಬಸ್ಸಿನ ನೆತ್ತಿಯ ಮೇಲೆ ಅಲ್ಯೂಮಿನಿಯಂ ಪಾತ್ರೆಗಳೂ ಬಂದಿಳಿಯುತ್ತವೆ. ಗಡಿಗೆ ಕೇಳುವವರಿಲ್ಲ. ಮಳೆಗಾಲದಲ್ಲಿ ಮಣ್ಣು ಒಣಗುವುದಿಲ್ಲ, ಮಣ್ಣು ಸುಡುವ ಆವಿಗೆಗೆ ಸೌದೆ ಸಿಗುವುದಿಲ್ಲ. "ನಾಯಿಗಳು ಕಾಡಿಗೆ ಹೋಗೋದು ನಿಂತ್ರೆ ನನ್ ತಿಗರೀನೂ ನಿಂತಂಗೆ" ಎನ್ನುತ್ತಾನೆ.

ಸಂತೆಯ ದಿನ ಅವನ ಚಪ್ಪರದಲ್ಲಿ ಒಂದು ಕೂಟವೇ ಸೇರುತ್ತದೆ. ಅಲ್ಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ, ನಾಯಿಯ ಹೆಸರು ಗೊತ್ತು. 'ಟೈಗರ್ ಮನೆಯಮ್ಮ' ಬಂದರು, 'ಕರಿಯನ ಯಜಮಾನ್ರು' ಯಾಕೋ ಬರಲಿಲ್ಲ, ಹೀಗೆ. ಚೆಟ್ಟಳ್ಳಿಯಲ್ಲಿ ನಾಯಿ ಕಳೆದರೆ ಸುದ್ದಿ ಈ ಚಪ್ಪರ ಹಾದು ತಿತಿಮತಿ ಮುಟ್ಟುತ್ತದೆ. ಕಿವಿ ಹರಿದಿದ್ದು ಎಡಗಡೆಯೋ ಬಲಗಡೆಯೋ ಎಂದು ಗಂಡ ಹೆಂಡಿರು ಇಲ್ಲೇ ಜಗಳವಾಡುತ್ತಾರೆ. ಸಿದ್ದ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳುತ್ತಾನೆ.

ಆ ಕೂಟಕ್ಕೆ ಹೋದ ತಿಂಗಳು ಗಂಗಮ್ಮ ಬಂದರು. ಅವರ ಗಂಡ ಕುಶಾಲಪ್ಪ, ಕಣ್ಣೂರಿಗೆ ಕಿತ್ತಳೆ ಲಾರಿ ಹೊಡೆಯುವವರು.

"ಸಿದ್ದಣ್ಣ, ಇವರು ಕಣ್ಣೂರು ಕಡಲ ಹತ್ರ ಎಂತದೋ ನೋಡಿ ಬಂದವರೆ. ಆಳುದ್ದದ ಜೀವವಂತೆ. ಬಲೆಗೆ ಸಿಕ್ಕಿ ಮರಳ ಮೇಲೆ ಸತ್ತಿತ್ತಂತೆ. ಮರಿ ಮೊಲೆ ಬಿಡ್ಲಿಲ್ಲೆ ಅಂತ ಹೇಳ್ತಾರೆ. ಅವತ್ತಿಂದ ಸರಿಯಾಗಿ ಉಣ್ತಿಲ್ಲೆ. ಮನೆ ನಾಯಿ ಹತ್ರ ಬಿಟ್ಟು ಬೇರೆಯವರ ಹತ್ರ ಮಾತಿಲ್ಲೆ. ನಾಯಿಗೆ ಒಪ್ಪಿಸುವ ಹಾಗೆ ಅದರ ಹೆಸರಲ್ಲೂ ಒಂದು ಒಪ್ಪಿಸಿದ್ರೆ ಮನಸ್ಸು ತಂಪಾಗಬಹುದು."

ಸಿದ್ದ ಹೂಂ ಅಂದ. ಅಂದಮೇಲೆ ಶುರುವಾಯಿತು ಗೊಂದಲ. ಅವನು ಕಡಲು ಕಂಡವನಲ್ಲ.

ಮೀನು ಮಾರುವ ಮೊಯ್ದುವನ್ನು ಕೇಳಿದ. "ಅದು ಕಡಲ್‌ಪನ್ನಿ. ನಿಮ್ಮ ಮಾತಲ್ಲಿ ಕಡಲಹಂದಿ. ಬಲೆ ಹರಿಯೋ ಶನಿ."

"ಹಂದಿಯಾ? ಮೊದಲೇ ಹೇಳ್ಬಾರದಾ, ಹುಳಿಗೆ ಕಾಚಂಪುಳಿ ಹಾಕಿ ಬೇಯಿಸ್ತಿದ್ದೆ!" ಅಂದರು ಟೈಗರ್ ಮನೆಯಮ್ಮ.

"ನೀರಲ್ಲಿದೆ, ರೆಕ್ಕೆಯಿದೆ. ಮೀನಲ್ದೆ ದನವಾ?" ಅಂದರು ಕರಿಯನ ಯಜಮಾನರು. ಶಾಲೆಯ ಮೇಷ್ಟ್ರು, ಅದು ನೀರಿನ ಮೇಲೆ ಬಂದು ಉಸಿರಾಡುವ ಪ್ರಾಣಿ, ಮೀನಲ್ಲ ಎಂದು ಚಿತ್ರ ಬರೆದು ತೋರಿಸಿದರು. ಚಿತ್ರ ಮೀನಿನ ಹಾಗೇ ಇತ್ತು. ಹಬ್ಬದಲ್ಲಿ ದುಡಿ ಬಡಿದು ಹಾಡುವ ಅಯ್ಯಪ್ಪನ ಹಾಡಿನಲ್ಲಿ ಕುದುರೆ ಬರುತ್ತದೆ, ನಾಯಿ ಬರುತ್ತದೆ, ಹುಲಿ ಬರುತ್ತದೆ. ಸಿದ್ದ ಇಡೀ ಹಾಡನ್ನು ಮನಸ್ಸಲ್ಲೇ ಹಾಡಿಕೊಂಡು ನೋಡಿದ. ಕಡಲು ಎಲ್ಲೂ ಬರಲಿಲ್ಲ.

"ಒಬ್ಬೊಬ್ರು ಒಂದೊಂದು ಅಂದ್ರು. ನನ್ ತಲೇನೇ ತಿಗರಿ ಆಗೋಯ್ತು."

ಹಾಲು ಕೊಡುವುದಾದರೆ ಕಾಲಿರಲೇಬೇಕೆಂದು ನಾಲ್ಕು ಕಾಲು ಹಚ್ಚಿದ. ಕಿವಿಯನ್ನೂ ಇಟ್ಟ. ಕುಶಾಲಪ್ಪ ಬಂದು ನೋಡಿ, ಎಷ್ಟೋ ದಿನಕ್ಕೆ ನಕ್ಕರು.

"ಇದು ನಮ್ಮನೆ ನಾಯಿಯಲ್ವೇನೋ ಸಿದ್ದ!"

ನಗು ನಿಂತ ಮೇಲೆ ಕೆಳಗೆ ಕೂತರು. ಹಸಿ ಕಾಲುಗಳನ್ನು ಒಂದೊಂದಾಗಿ ತಾವೇ ಚಿವುಟಿ ತೆಗೆದು, ಕಿವಿ ಒರೆಸಿ, ಮೈಯನ್ನು ಅಂಗೈಯಿಂದ ನುಣುಪು ಮಾಡಿದರು.

"ಕಾಲಿದ್ದಿದ್ರೆ ಎದ್ದು ನೀರಿಗೆ ಹೋಗ್ತಿತ್ತಲ್ಲೋ. ಎರಡು ಮಾರು ದೂರ ಇತ್ತು ನೀರು."

ಅವತ್ತು ಅವರು ಮನೆಗೆ ಹೋಗಿ ಉಂಡರೆಂದು ಗಂಗಮ್ಮ ಹೇಳಿಕಳಿಸಿದರು. ಒಪ್ಪಿಸುವ ದಿನ ತಾವೇ ಹೊತ್ತುಕೊಂಡು ಹೋಗುತ್ತೇನೆಂದು ಕುಶಾಲಪ್ಪ ಕಾಯುತ್ತಿದ್ದಾರೆ. ನಾಡಿದ್ದು ಹಬ್ಬ.

ಹೊತ್ತು ಮೂಡುವಷ್ಟರಲ್ಲಿ ದೇವರಕಾಡಿನ ತಕ್ಕ ಮೊಣ್ಣಪ್ಪನವರು ಚಪ್ಪರಕ್ಕೆ ಬರುತ್ತಾರೆ. ಕಾಡಿನೊಳಗೆ ಏನು ಹೋಗಬೇಕು, ಏನು ಹೋಗಬಾರದು ಎಂದು ಹೇಳುವವರು ಅವರೇ. ನಾಯಿಗಳನ್ನು ನೋಡಿ ತಲೆದೂಗಿ, ಮಗ್ಗುಲಾಗಿ ಬಿದ್ದದ್ದರ ಮುಂದೆ ನಿಲ್ಲುತ್ತಾರೆ.

"ಇದೇನಾ ಊರೆಲ್ಲ ಹೇಳ್ತಿರೋದು? ಮೀನು ಕಾಡೊಳಗೆ ಬರಬಾರದು ಸಿದ್ದ."

"ಮೀನೋ ಅಲ್ವೋ ಗೊತ್ತಿಲ್ಲ ತಕ್ಕರೇ."

"ಮೀನಲ್ಲ ಅಂತಲೇ ಇಟ್ಕೋ. ನಿಲ್ಲದ್ದು ಬರಬಹುದಾ? ಅದು ನಿನ್ನಪ್ಪ ಹೇಳಿದ ಮಾತೇ ಅಲ್ವಾ? ಇದನ್ನ ತಂದ್ರೆ ಮಿಕ್ಕ ನಾಯಿಗಳನ್ನೂ ನಾನು ಹೊರಗೆ ನಿಲ್ಲಿಸಬೇಕಾಗ್ತದೆ. ಮುಂದಿನ ವರ್ಷಕ್ಕೆ ಬೇರೆ ಕುಂಬಾರನ್ನ ನೋಡು ಅಂತಾರೆ ಜನ."

ಸಿದ್ದ ಹಲಗೆಯ ಕಡೆ ನೋಡುತ್ತಾನೆ. ಹರಿದ ಕಿವಿ, ಮೊಂಡು ಬಾಲ, ಎಲ್ಲ ಅವರವರ ಮನೆಯ ಗುರುತಿನೊಂದಿಗೆ ನಿಂತಿವೆ.

ಮೊಣ್ಣಪ್ಪನವರು ಕೆಟ್ಟವರಲ್ಲ. ದನಿ ತಗ್ಗಿಸುತ್ತಾರೆ. "ಕೇಳಿಲ್ಲಿ ಮಾರಾಯ. ನಾಲ್ಕು ಕಾಲು ಹಚ್ಚಿಬಿಡು. ನಾಯಿ ಅಂತ ನಾನೇ ಒಳಗೆ ಬಿಡ್ತೀನಿ. ಕುಶಾಲಪ್ಪನಿಗೂ ಸಮಾಧಾನ, ನಿಂಗೂ ತೊಂದ್ರೆಯಿಲ್ಲ. ಅಯ್ಯಪ್ಪ ಅರ್ಥ ಮಾಡ್ಕೋತಾನೆ."

ಸಿದ್ದ ಒಂದು ಉಂಡೆ ಮಣ್ಣು ತೆಗೆದುಕೊಂಡು ಅಂಗೈಯಲ್ಲಿ ಹೊಸೆಯುತ್ತಾನೆ. ಕಾಲು ಆಗುತ್ತದೆ. ಅದನ್ನು ಹೊಟ್ಟೆಯ ಪಕ್ಕಕ್ಕೆ ಹಿಡಿದು, ಕುಶಾಲಪ್ಪನ ಅಂಗೈಯ ಗುರುತು ಇನ್ನೂ ಇರುವ ಜಾಗವನ್ನು ನೋಡುತ್ತಾ ಕೂರುತ್ತಾನೆ. ಆಮೇಲೆ ಆ ಕಾಲನ್ನು ಗುಂಡಿಗೆ ಎಸೆದು ಕೈ ಒರೆಸಿಕೊಳ್ಳುತ್ತಾನೆ.

"ಮೀನೋ ಹಂದಿಯೋ ನಂಗೆ ಈಗ್ಲೂ ಗೊತ್ತಿಲ್ಲ. ಕಾಲು ಇರ್ಲಿಲ್ಲ ಅನ್ನೋದೊಂದು ಗೊತ್ತು. ನಾನು ಹಚ್ಚಕಿಲ್ಲ, ತಕ್ಕರೇ."