ಎರಡೂ ಇರಲಿ ಎಂದ ಸೌಂದರ್ಯಾ

ಸೌಂದರ್ಯಾಳ ಅಪ್ಪ ಮುತ್ತುರಾಜ್ ಕರೆಂಟ್ ಕಂಬ ಹತ್ತುವ ಲೈನ್‌ಮ್ಯಾನ್. ಯಾರ ಮನೆಯದೆಂದು ಗೊತ್ತಿಲ್ಲದ ವೈರನ್ನು ಅವರು ಎಂದೂ ಕತ್ತರಿಸಿದವರಲ್ಲ. ಚಾಮರಾಜಪೇಟೆಯ ಆ ಮನೆಯಲ್ಲಿ ಬೆಳೆದ ಮಗಳಿಗೂ ಅದೇ ಅಭ್ಯಾಸ. ಹಳೆಯ ಚಾರ್ಜರು, ಬೀಗವಿಲ್ಲದ ಬೀಗದ ಕೈ, ಯಾವುದನ್ನೂ ಎಸೆಯಲು ಕೈ ಬಾರದು.

ಗಾಂಧಿ ಬಜಾರಿನಲ್ಲಿ ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯ ಮಹಡಿಯಲ್ಲಿ ಅವಳ ಆಫೀಸು. ಹೂವಿನ ಆ್ಯಪ್ ನೋಡಿಕೊಳ್ಳುವುದು ಕೆಲಸ. ಗಿರಾಕಿಗಳು ಫೋನಿನಲ್ಲಿ ಹೂ ಹೇಳುತ್ತಾರೆ, ಕೆಳಗೆ ಫುಟ್‌ಪಾತಿನಲ್ಲಿ ಕೂತ ಗಂಗರತ್ನಮ್ಮ ಕಟ್ಟಿ ಕಳಿಸುತ್ತಾರೆ.

ಕಳೆದ ವಾರ ಜೊತೆಗಾರ ಅಮರ್ ಕೆಲಸ ಬಿಟ್ಟ. ಅವನು ಬರೆದಿಟ್ಟುಹೋದ ಕೋಡನ್ನು ಅವಳು ತನ್ನದರೊಂದಿಗೆ ಸೇರಿಸಬೇಕಾಯಿತು. ಆ್ಯಪಿನ ಸೆಟ್ಟಿಂಗುಗಳಿರುವ ಪ್ರಾಜೆಕ್ಟ್ ಫೈಲಿನಲ್ಲಿ ಇಬ್ಬರೂ ಒಂದೇ ಜಾಗ ತಿದ್ದಿದ್ದರು. ಅವನ ಸಾಲೋ, ನಿನ್ನ ಸಾಲೋ ಎಂದು ಕಂಪ್ಯೂಟರ್ ಕೇಳಿದಲ್ಲೆಲ್ಲ ಅವಳು ಎರಡನ್ನೂ ಉಳಿಸಿಕೊಂಡಳು. ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಲೈಬ್ರರಿಗಳನ್ನು ತಂದು ಜೋಡಿಸುವ ಕೋಕೋಪಾಡ್ಸ್ ಎಂಬ ಸಾಧನ ಓಡಿಸಿದರೆ, ಪರದೆಯ ತುಂಬ ಹಳದಿ ಎಚ್ಚರಿಕೆ.

“ಹಳದಿ ತಾನೆ?” ಎಂದ ಆಫೀಸಿನ ಯಜಮಾನ ಲೋಹಿತ್. “ಸಿಗ್ನಲ್ಲಲ್ಲೇ ಯಾರೂ ನಿಲ್ಲಲ್ಲ, ನೀನ್ಯಾಕ್ ನಿಲ್ತೀಯ? ಕಳ್ಸು.”

ಅವಳ ಕಂಪ್ಯೂಟರಿನಲ್ಲಿ ಆ್ಯಪ್ ತೆರೆದುಕೊಂಡಿತ್ತು. ಐಫೋನಿನಲ್ಲಿ ನೋಡದೆಯೇ ಆ್ಯಪ್ ಸ್ಟೋರಿಗೆ ಕಳಿಸಿದಳು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಗಂಗರತ್ನಮ್ಮ ಮೆಟ್ಟಿಲ ಬಳಿ ತಡೆದರು. “ಏನವ್ವಾ, ನಿನ್ ಆ್ಯಪು ಸತ್ತೋಯ್ತಾ? ಐಫೋನ್ ಮನೆಯೋರೆಲ್ಲ ಮುಟ್ಟಿದ ಕೂಡ್ಲೆ ಮುಚ್ಕೊಳ್ತದೆ ಅಂತಾವ್ರೆ. ದೊಡ್ಡ ಆರ್ಡರೆಲ್ಲ ಅವರದೇ. ಸೇವಂತಿಗೆ ಜಾಸ್ತಿ ತರ್ಸೋಣ ಅಂತಿದ್ದೆ, ಬೇಡ ಅಂದ್ಬಿಡ್ಲಾ?”

“ತರ್ಸಿ ಅಮ್ಮ. ಈಗ್ಲೇ ಸರಿ ಮಾಡ್ತೀನಿ.”

ಮೇಲೆ ಬಂದು ಎಚ್ಚರಿಕೆಗಳನ್ನು ಮೊದಲ ಬಾರಿ ಪೂರ್ತಿ ಓದಿದಳು. ಪ್ರಾಜೆಕ್ಟಿನ ಸ್ವಂತ ಸೆಟ್ಟಿಂಗುಗಳು ಲೈಬ್ರರಿಗಳ ದಾರಿಯನ್ನು ಮುಚ್ಚಿಹಾಕಿವೆ, ನಿಮ್ಮದನ್ನು ತೆಗೆಯಿರಿ ಎಂದಿತ್ತು. ಆ ಸಾಲುಗಳು ಅಮರ್‌ನವು. ತೆಗೆದರೆ ಇನ್ನೇನು ನಿಂತುಹೋದೀತೋ? ಫೋನ್ ಮಾಡಿದಳು. ಎತ್ತಲಿಲ್ಲ. ಅವನ ಸಾಲುಗಳನ್ನು ಮುಟ್ಟದೆ ಸುತ್ತಲಿನದನ್ನೆಲ್ಲ ಬದಲಿಸಿ ನೋಡಿದಳು. ಒಂದು ಎಚ್ಚರಿಕೆ ಹೋದರೆ ಎರಡು ಬಂದವು. ಊಟದ ಹೊತ್ತು ಮೀರಿದ ಮೇಲೆ ಅವನೇ ಫೋನ್ ಮಾಡಿದ.

“ಆ ಸಾಲು ಯಾಕ್ ಹಾಕಿದ್ದೆ ಅಮರ್?”

“ಯಾವ್ದು? ನೆನಪಿಲ್ಲ ಮಚ್ಚಾ. ಟೆಸ್ಟಿಗೆ ಹಾಕಿರ್ಬೇಕು. ತೆಗ್ದು ಬಿಸಾಕು.”

ತೆಗೆದಳು. ಪರದೆ ಶುಭ್ರವಾಯಿತು. ಲೋಹಿತ್‌ನ ಐಫೋನಿನಲ್ಲಿ ಆ್ಯಪ್ ಮೊಗ್ಗಿನಂತೆ ಸದ್ದಿಲ್ಲದೆ ತೆರೆದುಕೊಂಡಿತು. ಆದರೆ ಹೊಸದನ್ನು ಜನರ ಫೋನಿಗೆ ಬಿಡುವುದು ಅವಳ ಕೈಯಲ್ಲಿರಲಿಲ್ಲ. ಆ್ಯಪ್ ಸ್ಟೋರಿನವರು ನೋಡಿ ಒಪ್ಪಬೇಕು. ‘ಪರಿಶೀಲನೆಗೆ ಕಾಯುತ್ತಿದೆ’ ಎಂಬ ಸಾಲು ಬಿಸಿಲು ಇಳಿದರೂ ಹಾಗೇ ಇತ್ತು.

“ಹಬ್ಬ ಮುಗ್ದ ಮೇಲೆ ಬರುತ್ತೆ, ಬಿಡು,” ಎಂದು ಲೋಹಿತ್ ಹೆಲ್ಮೆಟ್ ಎತ್ತಿಕೊಂಡ.

ಕೆಳಗೆ ಬುಟ್ಟಿಗಳು ತುಂಬಿಯೇ ಇದ್ದವು. ಅವಳ ಮುಖ ನೋಡಿದ ಗಂಗರತ್ನಮ್ಮ ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ.

“ಆಗಲ್ಲ ಅಂತ ಬೆಳಿಗ್ಗೇನೇ ಅಂದಿದ್ರೆ ತರ್ಸ್ತಿರ್ಲಿಲ್ವಲ್ಲವ್ವಾ.”

ಸೌಂದರ್ಯಾ ಅವರ ಗೋಣಿಚೀಲದ ತುದಿಯಲ್ಲಿ ಕೂತಳು.

“ಕೂತ್ಕೊಂಡ್ರೆ ಹೂ ಹೋಗ್ತದಾ? ಕೂಗು.”

“ಸೇವಂತಿಗೆ...” ಎಂದಳು. ತನಗೇ ಕೇಳಿಸಲಿಲ್ಲ. ಬಾಳೆಕಂದು ಹಿಡಿದ ಹೆಂಗಸೊಬ್ಬರು ಅವಳನ್ನು ದಾಟಿಕೊಂಡು ಪಕ್ಕದ ಬುಟ್ಟಿಯವಳ ಬಳಿ ನಿಂತು ಬೆಲೆ ಕೇಳಿದರು.