ನಮ್ಮೂರ ಮಲೇರಿಯ, ಅವರೂರ ಮಲೇರಿಯ

ಸ್ಟ್ಯಾನಿಗೆ ಮೊದಲ ಚಳಿ ಬಂದದ್ದು ಮಸ್ಕತ್ತಿನ ನಮ್ಮ ಚರ್ಚಿನಲ್ಲಿ, ಮೈಕಿನ ಮುಂದೆ.

ಇಲ್ಲಿ ರಜೆ ಶುಕ್ರವಾರ, ಅವತ್ತಿನ ಪೂಜೆ ಮುಗಿದಿತ್ತು. ಘಾನಾದ ಹಳ್ಳಿಗಳಿಗೆ ಹೋಗಿ ಬಂದ ವರದಿಯನ್ನು ನನ್ನ ಗಂಡ ಒಪ್ಪಿಸುತ್ತಿದ್ದ. ಪರದೆಯ ಮೇಲೆ ಹೊಸ ಬೋರ್‌ವೆಲ್ಲಿನ ಚಿತ್ರವಿತ್ತು. "ಆ ಮಕ್ಕಳು ನೀರು ಕುಡಿಯುವುದನ್ನು ನೋಡಿದಾಗ" ಎಂದವನ ಕೈ ನಡುಗಿತು. ಹಲ್ಲು ಕಟಕಟ ಎಂದಿತು. ಮಾತು ನಿಂತಿತು. ಜನ ಅದನ್ನು ದುಃಖ ಉಕ್ಕಿ ಬಂದದ್ದು ಎಂದುಕೊಂಡರು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು, ಯಾರೋ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅನುಮಾನ ಬಂತು. ಈ ಮನುಷ್ಯ ಮಗಳು ಹುಟ್ಟಿದ ದಿನವೂ ಅತ್ತವನಲ್ಲ. ಅವತ್ತು ಆಸ್ಪತ್ರೆಯ ಪಾರ್ಕಿಂಗ್ ಸರಿಯಿಲ್ಲ ಎಂದು ಬೈಯುತ್ತಿದ್ದ.

ಕಾರಿನಲ್ಲಿ ಹಣೆ ಮುಟ್ಟಿದೆ. ಕಾವಲಿಯಂತೆ ಕಾದಿತ್ತು.

"ಚರ್ಚಿನ ಎಸಿ ಮಾರಾಯ್ತಿ," ಎಂದ ಸ್ಟ್ಯಾನಿ. "ನೆತ್ತಿ ಮೇಲೆಯೇ ಗಾಳಿ ಬಿಡ್ತದೆ."

ನಮ್ಮ ಚರ್ಚಿಗೂ ಉತ್ತರ ಘಾನಾದ ಆ ಎರಡು ಹಳ್ಳಿಗಳಿಗೂ ಹತ್ತು ವರ್ಷಕ್ಕೂ ಮಿಕ್ಕಿದ ನಂಟು. ನಮ್ಮಲ್ಲಿದ್ದ ಒಬ್ಬ ಫಾದರ್ ಮೊದಲು ಅಲ್ಲಿದ್ದವರು, ಅವರು ಶುರುಮಾಡಿದ್ದು. ಶಾಲೆಗೆ ಮಾಡು ಹಾಕಿಸುವುದು, ಹೊಲಿಗೆ ಯಂತ್ರ ಕಳಿಸುವುದು, ಬಾವಿ ತೋಡಿಸುವುದು. ವರ್ಷಕ್ಕೊಮ್ಮೆ ನಮ್ಮಲ್ಲಿಂದ ಒಬ್ಬರು ಹೋಗಿ ಅವರ ಜೊತೆ ಹತ್ತು ದಿನ ಇದ್ದು ಬರಬೇಕು. ಆ ಒಬ್ಬರು ಯಾವಾಗಲೂ ಸ್ಟ್ಯಾನಿಯೇ. ಬೇರೆಯವರಿಗೆ ರಜೆ ಸಿಕ್ಕಿದರೆ ಮಂಗಳೂರಿಗೆ ಹೋಗಿ ಮೀನು ತಿನ್ನುವ ಆಸೆ, ಇವನಿಗೆ ಘಾನಾಕ್ಕೆ ಹೋಗಿ ಬಾವಿ ನೋಡುವ ಆಸೆ. ಹಿಂದಿನ ಕಾಲದ ಗಂಡಸರಿಗೆ ಚಿಕ್ಕಮನೆ ಇರುತ್ತಿತ್ತಂತೆ, ನನ್ನ ಗಂಡನಿಗೆ ಎರಡು ಹಳ್ಳಿಗಳಿದ್ದವು. ಸವತಿಯಾದರೆ ಜಡೆ ಹಿಡಿದು ಜಗಳವಾಡಬಹುದು. ಹಳ್ಳಿಯ ಜೊತೆ ಏನು ಆಡುವುದು?

ಈ ವರ್ಷ ಆ ಪ್ರಯಾಣಕ್ಕೇ ಕುತ್ತು ಬಂದಿತ್ತು. ಮುಂದಿನ ತಿಂಗಳ ಸಭೆಯಲ್ಲಿ ಅದನ್ನು ನಿಲ್ಲಿಸುವ ಮಾತು ಬರುವುದಿತ್ತು. ಮಾತು ತೆಗೆದವನು ನಮ್ಮ ಚರ್ಚಿನವನೇ ಆದ ಅಲ್ ಖೌದ್‌ನ ವಿಲ್ಫಿ. ಸಹಾಯ ಮಾಡೋಣ, ಆದರೆ ಹೋಗುವುದು ಯಾಕೆ, ಫೋನಿನಲ್ಲೇ ಎಲ್ಲ ಆಗುವ ಕಾಲ ಇದು, ಅಲ್ಲಿ ಯಾರಿಗಾದರೂ ಏನಾದರೂ ಆದರೆ ಹೊಣೆ ಯಾರು ಎಂಬುದು ಅವನ ವಾದ. ನೋಡಲು ಹೋಗದಿದ್ದರೆ ಅದು ನಂಟಲ್ಲ, ಬರೀ ಕೊರಿಯರ್ ಎಂಬುದು ಸ್ಟ್ಯಾನಿಯ ವಾದ.

ಹೀಗಿರುವಾಗ ಸ್ಟ್ಯಾನಿಗೆ ಜ್ವರ ಬರುವುದು ಸಾಧ್ಯವೇ ಇರಲಿಲ್ಲ.

ಬಂದದ್ದು ಜ್ವರ ಅಲ್ಲ, ಸುಸ್ತು ಎಂದ. ಚಳಿ ಅಲ್ಲ, ಎಸಿ ಎಂದ. ವಾಂತಿಯಾದಾಗ ನಾನು ಮಾಡಿದ ಬೂತಾಯಿ ಮೀನಿನ ಪುಳಿಮುಂಚಿ ಸಾರಿನ ಮೇಲೆ ತಪ್ಪು ಹೊರಿಸಿದ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮಲೇರಿಯ ಇರಬಹುದೇ ಎಂದು ನಾನು ಕೇಳದೆ ಇರಲಿಲ್ಲ. ತಡೆಯುವ ಮಾತ್ರೆ ಎಲ್ಲ ತಗೊಂಡಿದ್ದೇನೆ ಎಂದು ತೀರಿಹೋದ ತಾಯಿಯ ಮೇಲೆ ಆಣೆ ಹಾಕಿದ. ಒಬ್ಬನೇ ಕ್ಲಿನಿಕ್ಕಿಗೆ ಹೋಗಿ, ವೈರಲ್ ಅಂತೆ ಎಂದು ಪ್ಯಾರಾಸಿಟಮಾಲ್ ಹಿಡಿದುಕೊಂಡು ಬಂದ. ನಾನು ಕರಿಮೆಣಸು ಜೀರಿಗೆಯ ಕಷಾಯ ಕಾಯಿಸಿದೆ. ಜ್ವರ ಇಳಿಯಿತು. ಮರುದಿನ ಮತ್ತೆ ಏರಿತು.

ಆಮೇಲೆ ಒಂದು ಮಧ್ಯಾಹ್ನ, ಊಟಕ್ಕೆ ಕೂತವನು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿ, "ಚೇರ್‌ಪರ್ಸನ್ ಮೇಡಂ, ನೀವು ಯಾವ ಊರಿನವರು?" ಎಂದು ಕೇಳಿದ.

ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಅವನ ಕಣ್ಣಿನ ಬಿಳಿ ಹಳದಿಯಾಗಿತ್ತು.

ಎಮರ್ಜೆನ್ಸಿಗೆ ತಲುಪುವಷ್ಟರಲ್ಲಿ ಸ್ವಲ್ಪ ಹುಷಾರು ಬಂದಿತ್ತು. ಸುಳ್ಳು ಹೇಳುವಷ್ಟು ಮಾತ್ರ. ಇತ್ತೀಚೆಗೆ ಎಲ್ಲಿಗಾದರೂ ಟ್ರಾವೆಲ್ ಮಾಡಿದ್ದೀರಾ ಎಂದು ಒಮಾನಿ ಡಾಕ್ಟರ್ ಸಲ್ಮಾ ಕೇಳಿದರು.

"ದುಕ್ಮ್," ಎಂದ ಸ್ಟ್ಯಾನಿ.

ಅದು ನಿಜವೇ. ಕಂಪನಿಯ ಕೆಲಸಕ್ಕೆ ಒಮಾನಿನದೇ ಆದ ಆ ಬಂದರಿಗೆ ಬಸ್ಸಿನಲ್ಲಿ ಹೋಗಿ ಬಂದಿದ್ದ. ಡಾಕ್ಟರ್ ದುಕ್ಮ್ ಎಂದು ಬರೆದುಕೊಂಡರು. ಅಲ್ಲಿನ ಕ್ಯಾಂಪಿನ ಊಟ, ನೀರು ಎಲ್ಲ ವಿಚಾರಿಸಿದರು. ಟೈಫಾಯ್ಡ್ ಎಂಬ ಮಾತು ಬಂತು. ಅಷ್ಟರಲ್ಲಿ ಕೌಂಟರಿನವರು ರೆಸಿಡೆಂಟ್ ಕಾರ್ಡ್ ಕೇಳಿದ್ದರಿಂದ ನಾನು ಅವನ ಬ್ಯಾಗಿಗೆ ಕೈ ಹಾಕಿದೆ. ಕಾರ್ಡಿನ ಬದಲು ಕೈಗೆ ಬಂದದ್ದು ಮಲೇರಿಯ ಮಾತ್ರೆಯ ಪಟ್ಟಿ. ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. ಒಂದು ಮಾತ್ರೆಯೂ ತೆಗೆದಿರಲಿಲ್ಲ.

ಪಟ್ಟಿಯನ್ನು ಅವನ ಮುಖದ ಮುಂದೆ ಹಿಡಿದೆ.

ಸ್ಟ್ಯಾನಿ ಪಟ್ಟಿ ನೋಡಿದ. ನನ್ನನ್ನು ನೋಡಿದ. ಮಗು ಚಾಕೊಲೇಟಿಗೆ ಅಂಗಲಾಚುವ ಹಾಗೆ ಮೆಲ್ಲಗೆ ಹೇಳಿದ: "ಹಿಲ್ಡಾ, ಬೇಡ. ವಿಲ್ಫಿಗೆ ಗೊತ್ತಾದರೆ ಎಲ್ಲ ಖಲಾಸ್."

ಹತ್ತು ವರ್ಷಕ್ಕೂ ಮಿಕ್ಕಿ ಅವನು ಪ್ರೀತಿಯಿಂದ ಕಟ್ಟಿದ ಕೆಲಸ. ನಾನು ಬಾಯಿ ತೆರೆದರೆ ಅದು ಮುಗಿಯುತ್ತದೆ ಎಂದು ನನಗೂ ಗೊತ್ತಿತ್ತು. ತೆರೆಯದಿದ್ದರೆ ಅವನೇ ಮುಗಿಯುತ್ತಾನೆ.

"ಡಾಕ್ಟರ್," ಎಂದೆ, "ಘಾನಾಕ್ಕೆ ಹೋಗಿ ಬಂದಿದ್ದಾರೆ. ಹಳ್ಳಿಯಲ್ಲಿದ್ದರು. ಮಾತ್ರೆ ತಗೊಂಡಿಲ್ಲ."

ಡಾಕ್ಟರ್ ಸಲ್ಮಾ ಪೆನ್ನು ಕೆಳಗಿಟ್ಟರು. ಆಮೇಲೆ ಎಲ್ಲರೂ ಓಡತೊಡಗಿದರು. ರಕ್ತ ತೆಗೆದರು, ಸ್ಲೈಡ್ ನೋಡಿದರು.

ಫಾಲ್ಸಿಪಾರಮ್ ಮಲೇರಿಯ.

ಯಾಕೆ ಮಾತ್ರೆ ತಗೊಳ್ಳಲಿಲ್ಲ ಎಂದು ಡಾಕ್ಟರ್ ಕೇಳಿದ್ದಕ್ಕೆ ನನ್ನ ಗಂಡ ಕೊಟ್ಟ ಉತ್ತರವನ್ನು ಭೂಮಿಯ ಮೇಲೆ ಇನ್ನೊಂದು ಊರಿನವನು ಕೊಡಲಾರ. "ನಾನು ಮಂಗಳೂರಿನವನು. ಮಲೇರಿಯ ನನಗೆ ನಾಲ್ಕು ಸಲ ಬಂದಿದೆ." ಪದಕ ಗೆದ್ದವರ ದನಿ. ಇದನ್ನು ಅರ್ಥಮಾಡಿಕೊಳ್ಳಲು ಮಂಗಳೂರಿನಲ್ಲೇ ಹುಟ್ಟಬೇಕು. ನಮ್ಮಲ್ಲಿ ಮಲೇರಿಯ ಎಂದರೆ ಪರೀಕ್ಷೆಗೆ ಮೊದಲು ಒಮ್ಮೆ, ಮದುವೆಗೆ ಮೊದಲು ಒಮ್ಮೆ ಬಂದು ಹೋಗುವ ಮಾವನ ಹಾಗೆ. ಚಳಿ ಬಂದರೆ ರಕ್ತ ಕೊಟ್ಟು, ಮಾತ್ರೆ ನುಂಗಿ, ಗಂಜಿ ಉಪ್ಪಿನಕಾಯಿ ತಿಂದು, ವಾರ ಕಳೆದು ಆಫೀಸಿಗೆ ಹೋಗುತ್ತೇವೆ. ತಡೆಯುವ ಮಾತ್ರೆ ಸೊಳ್ಳೆ ಕಾಣದವರಿಗೆ ಎಂದು ಸ್ಟ್ಯಾನಿ ತೀರ್ಮಾನಿಸಿದ್ದ. ನೀವು ಹೇಳುವುದು ಹೆಚ್ಚಾಗಿ ಬೇರೆ ಜಾತಿಯ ಮಲೇರಿಯ, ಇದು ಮಿದುಳಿಗೂ ಕಿಡ್ನಿಗೂ ಹೋಗುತ್ತದೆ ಎಂದು ಡಾಕ್ಟರ್ ತಾಳ್ಮೆಯಿಂದ ಹೇಳಿದರು. ಹಿಂದೆ ಬಂದದ್ದು ಈಗ ಏನೂ ಕಾಯುವುದಿಲ್ಲ ಎಂದೂ ಹೇಳಿದರು. ಇಷ್ಟು ವರ್ಷ ಬರದೆ ಇದ್ದದ್ದು ಬರೀ ಅದೃಷ್ಟ.

ಐಸಿಯು. ಆರ್ಟೆಸುನೇಟ್ ಇಂಜೆಕ್ಷನ್. ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿತ್ತು. ಮುಂದಿನ ಎರಡು ದಿನ ಹೇಳಲು ಬರುವುದಿಲ್ಲ ಎಂದರು.

ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಸಿಟ್ಟು ಬರುತ್ತಿತ್ತು, ಭಯವಾಗುತ್ತಿತ್ತು. ಎರಡೂ ಒಟ್ಟಿಗೆ ಬಂದಾಗ ನನಗೆ ಹಸಿವಾಗುತ್ತದೆ ಎಂದು ಅವತ್ತು ಗೊತ್ತಾಯಿತು. ಮೂರು ಸಮೋಸ ತಿಂದೆ. ಒಳಗೆ ಹೋದಾಗ ಸ್ಟ್ಯಾನಿ ಡ್ರಿಪ್ ಸ್ಟ್ಯಾಂಡಿಗೆ ವಾರ್ಷಿಕ ವರದಿ ಒಪ್ಪಿಸುತ್ತಿದ್ದ. ಮಲಯಾಳಿ ನರ್ಸನ್ನು ಹಳ್ಳಿಯ ಮುಖ್ಯಸ್ಥ ಎಂದುಕೊಂಡು ಒಳಗೆ ಬರಲು ಅಪ್ಪಣೆ ಕೇಳಿದ. ಅವಳು ಗಂಭೀರವಾಗಿ ಕೊಟ್ಟಳು. ದೇವರೇ, ಈ ಪೆದ್ದನನ್ನು ಉಳಿಸಿಕೊಡು, ಆಮೇಲೆ ನಾನು ನೋಡಿಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಬೇರೆ ಪ್ರಾರ್ಥನೆ ಒಂದೂ ನೆನಪಿಗೆ ಬರಲಿಲ್ಲ.

ಸುದ್ದಿ ಚರ್ಚಿಗೆ ಮುಟ್ಟಿತು. ಮೊದಲು ಬಂದವನು ವಿಲ್ಫಿ. ಒಂದು ಕೈಯಲ್ಲಿ ಗಂಜಿಯ ಫ್ಲಾಸ್ಕ್, ಬಾಯಲ್ಲಿ "ನಾನು ಹೇಳಿದ್ದೆನಲ್ಲ." ಮರುದಿನವೂ ಬಂದ. ಅಲ್ ಮವಾಲೇಹ್‌ನ ನಮ್ಮ ಮನೆಯಿಂದ ಮಗಳನ್ನು ಶಾಲೆಗೆ ಬಿಟ್ಟ, ಮಾರ್ಕೆಟಿನಿಂದ ತರಕಾರಿ ತಂದುಹಾಕಿದ, ಪ್ರತಿ ಸಲವೂ ಅದೇ ಮಾತು ಹೇಳಿದ. ಗಂಜಿಗೋಸ್ಕರ ನಾನು ಸಹಿಸಿಕೊಂಡೆ. ಉಳಿದವರು ಬಂದು ತಮಗೆ ಎಷ್ಟು ಸಲ ಮಲೇರಿಯ ಬಂದಿತ್ತು ಎಂದು ಹೇಳಿ ಹೋದರು. ಮಂಗಳೂರಿನ ಬಿಜೈಯ ಒಬ್ಬರು ಏಳು ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸಿದರು.

ಮೂರನೆಯ ದಿನ ಸ್ಟ್ಯಾನಿ ಕಣ್ಣು ಬಿಟ್ಟು, "ಹಿಲ್ಡಾ," ಎಂದ. ಚೇರ್‌ಪರ್ಸನ್ ಅನ್ನಲಿಲ್ಲ. ನಾನು ಅವನ ಕೈ ಹಿಡಿದುಕೊಂಡೆ. ಬೈಯುವುದನ್ನು ಎಷ್ಟೋ ಯೋಚಿಸಿಟ್ಟಿದ್ದೆ, ಒಂದೂ ಬರಲಿಲ್ಲ.

ವಾರ್ಡಿಗೆ ಹಾಕಿದ ಮೇಲೆ ಘಾನಾದಿಂದ ವಿಡಿಯೋ ಕಾಲ್ ಬಂತು. ಎಸ್ತೇರ್, ಅಲ್ಲಿಯ ಹೆಂಗಸರ ಸಂಘದ ಮುಖ್ಯಸ್ಥೆ. ಸ್ಟ್ಯಾನಿ ಹೋದಾಗೆಲ್ಲ ಅವಳ ಮನೆಯಲ್ಲೇ ಊಟ. ಇಂಗ್ಲಿಷಿನಲ್ಲಿ ಮಾತಾಡಿದಳು. ಮೊದಲು ಮಾತ್ರೆಯ ವಿಷಯಕ್ಕೆ ಅವನನ್ನು ಚೆನ್ನಾಗಿ ಬೈದಳು. ನಾನು ಬೈಯಬೇಕೆಂದಿದ್ದದ್ದೆಲ್ಲ ಅವಳೇ ಬೈದಳು. ಆಮೇಲೆ, ಎರಡೂ ಹಳ್ಳಿಯವರು ಸೇರಿ ಪ್ರಾರ್ಥಿಸಿದೆವು, ನಿಮಗೋಸ್ಕರ ಪ್ರತಿ ಭಾನುವಾರ ಹೇಗೂ ಪ್ರಾರ್ಥಿಸುತ್ತೇವೆ, ಈ ಸಲ ಸ್ವಲ್ಪ ಜೋರಾಗಿ ಎಂದಳು.

ಪ್ರತಿ ಭಾನುವಾರ ಯಾಕೆ ಎಂದು ನಾನು ಕೇಳಿದೆ.

"ಮಸ್ಕತ್ತಿನ ನಮ್ಮ ಬಡವರಿಗೋಸ್ಕರ," ಎಂದಳು ಎಸ್ತೇರ್.

ಫ್ಲಾಸ್ಕ್ ತೆರೆಯುತ್ತಿದ್ದ ವಿಲ್ಫಿಯ ಕೈ ನಿಂತಿತು. ಬಂದು ಫೋನ್ ತೆಗೆದುಕೊಂಡ. ತನಗೆ ಎರಡು ಕಾರುಗಳಿವೆ, ಉಡುಪಿಯಲ್ಲಿ ಮಹಡಿ ಮನೆ ಇದೆ ಎಂದು ವಿನಯದಿಂದಲೇ ತಿಳಿಸಿದ.

ಮಸ್ಕತ್ತಿನಲ್ಲಿ ನಿಮಗೆ ಹೊಲ ಇದೆಯಾ ಎಂದಳು. ಇಲ್ಲ. ಇರುವ ಮನೆ ನಿಮ್ಮದಾ? ಬಾಡಿಗೆಯದು.

"ಕೆಲಸ ಹೋದರೆ ಅಲ್ಲೇ ಇರಬಹುದಾ?"

ವೀಸಾ, ಅದನ್ನು ಕೊಡಿಸುವ ಧಣಿ ಕಫೀಲ್ ಎಂದು ಏನೋ ಶುರುಮಾಡಿದ ವಿಲ್ಫಿ ಅರ್ಧಕ್ಕೆ ನಿಲ್ಲಿಸಿದ.

"ಅದಕ್ಕೇ ಪ್ರಾರ್ಥಿಸುವುದು," ಎಂದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ಮರುಕಪಡುತ್ತಿದ್ದಳು.

ಸ್ಟ್ಯಾನಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾನಿಟರ್ ಕಿರುಚಿತು, ನರ್ಸ್ ಓಡಿಬಂದಳು. ನಾನೂ ನಕ್ಕೆ. ವಿಲ್ಫಿ ಮಾತ್ರ ಗಂಜಿ ಬಡಿಸದೆ ಮನೆಗೆ ಹೋದ. ಹತ್ತು ವರ್ಷ ನಾವು ಅವರಿಗಾಗಿ ಮೊಂಬತ್ತಿ ಹಚ್ಚಿದ್ದೆವು. ಅಲ್ಲಿ ಅವರೂ ನಮ್ಮನ್ನು ನೆನೆದು ಅಯ್ಯೋ ಪಾಪ ಎನ್ನುತ್ತಿದ್ದರು ಎಂದು ಯಾರಿಗೆ ಗೊತ್ತಿತ್ತು?

ಸಭೆಗೆ ಸ್ಟ್ಯಾನಿ ಹೋಗುವಂತಿರಲಿಲ್ಲ, ನಾನು ಹೋದೆ. ವಿಲ್ಫಿ ಎದ್ದು ನಿಂತಾಗ ಎಲ್ಲ ಮುಗಿಯಿತು ಎಂದುಕೊಂಡೆ. ಅವನು ಗಂಟಲು ಸರಿಮಾಡಿಕೊಂಡು, ಈ ಪ್ರಯಾಣ ನಿಲ್ಲಿಸಲೇಬಾರದು ಎಂದ. ಅವರಿಗೆ ನಮ್ಮ ಬಗ್ಗೆ ತಪ್ಪು ಕಲ್ಪನೆ ಇದೆ, ಇದು ಫೋನಿನಲ್ಲಿ ಸರಿಯಾಗುವಂಥದ್ದಲ್ಲ, ಒಬ್ಬರು ಖುದ್ದಾಗಿ ಹೋಗಿ ತಿಳಿಹೇಳಬೇಕು. ತಾನೇ ಸಿದ್ಧ ಎಂದ. ಹೋಗುವವರು ಮಾತ್ರೆಯನ್ನು ಫಾದರ್ ಎದುರಿಗೇ ನುಂಗಲು ಶುರುಮಾಡಬೇಕು ಎಂಬ ನಿಯಮ ಸೇರಿಸಿ ಸಭೆ ಒಪ್ಪಿತು. ಸುದ್ದಿ ಕೇಳಿ ಸ್ಟ್ಯಾನಿ, ನೋಡಿದೆಯಾ, ನನ್ನ ಜ್ವರದಿಂದಲೇ ಎಲ್ಲ ಸರಿಯಾಯಿತು ಎಂದ. ಬಿದ್ದರೂ ಮೀಸೆ ಮಣ್ಣಾಗದ ಗಂಡಸು.

ಈಗ ವಾರಕ್ಕೊಮ್ಮೆ ರಕ್ತಪರೀಕ್ಷೆ. ಆ ಇಂಜೆಕ್ಷನ್ ಆದವರಿಗೆ ಕೆಲವು ವಾರ ಕಳೆದು ರಕ್ತ ಕಡಿಮೆಯಾಗುವುದುಂಟಂತೆ, ಹಾಗಾಗದಿರಲಿ ಎಂದು ಕಾಯುತ್ತಿದ್ದೇವೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ಸಂಜೆಯಾದರೆ ಮಗುವಿನಂತೆ ನಿದ್ದೆ. ಮುಂದಿನ ಸಲದ ಪ್ರಯಾಣ ಇವನಿಗೆ ಬೇಡ ಎಂದು ಡಾಕ್ಟರ್ ಸಲ್ಮಾ ಹೇಳಿದ್ದಾರೆ. ವಿಲ್ಫಿಯನ್ನು ಒಬ್ಬನನ್ನೇ ಬಿಟ್ಟರೆ ಉಡುಪಿಯ ಮನೆಯ ಫೋಟೋ ತೋರಿಸಿಕೊಂಡು ಬರುತ್ತಾನೆ ಎಂದು, ಜೊತೆಗೆ ನನ್ನನ್ನು ಹಾಕಿದ್ದಾರೆ. ನಾನು ಬೇಡ ಎನ್ನಲಿಲ್ಲ.

ಮೊನ್ನೆ ಎಸ್ತೇರ್ ಫೋನ್ ಮಾಡಿದಳು. ನಾನು ಅಡುಗೆಮನೆಯಲ್ಲಿದ್ದೆ. ಸ್ಟ್ಯಾನಿ ಹೇಗಿದ್ದಾನೆ ಎಂಬ ವರದಿಯನ್ನು ದಿನಾ ಹತ್ತು ಜನರಿಗೆ ಒಪ್ಪಿಸಿ ರೂಢಿಯಾಗಿತ್ತು. ಹಿಮೋಗ್ಲೋಬಿನ್, ಊಟ, ನಿದ್ದೆ ಎಂದು ಶುರುಮಾಡಿದೆ. ಅವಳು ಕೇಳಿ ಮುಗಿಸಿ, "ಅದೆಲ್ಲ ಸರಿ. ನೀನು ಹೇಗಿದ್ದೀಯ?" ಎಂದಳು.

ಒಲೆಯ ಉರಿ ಸಣ್ಣಗೆ ಮಾಡಿದೆ.

ಬರುವಾಗ ಏನು ತರಬೇಕು ಎಂದು ಮಾತು ತಿರುಗಿಸಿದೆ. "ಏನೂ ಬೇಡ," ಎಂದಳು. "ಬಂದು ಮೊದಲು ಎರಡು ದಿನ ಮಲಗು. ನಮ್ಮಲ್ಲಿ ಯಾರೂ ನಿನ್ನನ್ನು ಎಬ್ಬಿಸುವುದಿಲ್ಲ."

ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಐಸಿಯುವಿನ ಹೊರಗೆ ಬಾರದ ಅಳು ಪೂರ್ತಿ ಬಂತು. ಅವಳು ಫೋನ್ ಇಡಲಿಲ್ಲ.

ಯಾರ ಫೋನು, ನನಗಾ ಎಂದು ಸ್ಟ್ಯಾನಿ ಹೊರಗಿನ ಕೋಣೆಯಿಂದ ಕೇಳಿದ.

ಅಲ್ಲ, ನನಗೆ ಎಂದೆ.