ಹಿಂದಿನ ಸಾಲಿನಲ್ಲಿ ಕೂತ ಮೇಷ್ಟ್ರು

ಹೆಡ್‌ಮಾಸ್ಟ್ರ ಕುರ್ಚಿ ಯರ್ರಮ್ಮ ಬಯಸಿ ಪಡೆದದ್ದಲ್ಲ. ಹಳೇ ಹೆಡ್‌ಮಾಸ್ಟ್ರು ನಿವೃತ್ತರಾದ ಮೇಲೆ ಸೇವೆಯಲ್ಲಿ ಹಿರಿಯರು ಯಾರು ಅಂತ ನೋಡಿದರೆ ಆಕೆಯ ಹೆಸರೇ ಮೇಲಿತ್ತು, ಅಷ್ಟೆ. ರಾಂಪುರದಲ್ಲಿ ಬಸ್ಸಿಳಿದು ಆಟೋ ಹತ್ತಿ ಹೋಗಬೇಕಾದ ಹಳ್ಳಿಯ ಶಾಲೆ ಅದು. ಪಾಠ ಮಾಡಿಕೊಂಡು ಹಾಯಾಗಿದ್ದವಳಿಗೆ ಒಮ್ಮೆಲೇ ಬಿಸಿಯೂಟದ ಬೇಳೆ, ಮೊಟ್ಟೆ, ಕೆಟ್ಟ ಮೋಟರು, ಮೀಟಿಂಗು, ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ವಾಟ್ಸಪ್ ಸಂದೇಶ, ಎಲ್ಲವೂ ತಲೆಗೆ ಸುತ್ತಿಕೊಂಡವು. 'ಪ್ರಭಾರ' ಅಂತ ಬರೆದು ಸಹಿ ಹಾಕುವಾಗೆಲ್ಲ ಇದು ಬೇಗ ಮುಗಿಯಲಪ್ಪ ಅಂದುಕೊಳ್ಳುತ್ತಿದ್ದಳು.

ಅಂಥದರಲ್ಲಿ ಚಳ್ಳಕೆರೆಯಲ್ಲಿ ಮುಖ್ಯ ಶಿಕ್ಷಕರ ತರಬೇತಿಗೆ ಹೋಗಬೇಕೆಂದು ಆದೇಶ ಬಂತು. ಯರ್ರಮ್ಮ ಬೇಸರದಿಂದಲೇ ಬ್ಯಾಗಿಗೆ ಬುತ್ತಿ ಹಾಕಿಕೊಂಡು ಬಸ್ ಹತ್ತಿದಳು. ಅಲ್ಲಿ ಮೊದಲ ದಿನ ಚಪ್ಪಾಳೆ ಆಟ, ಗುಂಪು ಮಾಡುವ ಆಟ. ತಲೆ ನರೆತ ಹೆಡ್‌ಮಾಸ್ಟ್ರುಗಳು ಮಕ್ಕಳ ಹಾಗೆ ವೃತ್ತದಲ್ಲಿ ನಿಂತು ನಾಚಿಕೊಂಡರು. ತರಬೇತಿ ಕೊಡುತ್ತಿದ್ದವಳು ಸ್ವಪ್ನ ಅಂತ, ಯರ್ರಮ್ಮನ ಮಗಳ ವಯಸ್ಸಿನ ಹುಡುಗಿ.

"ನಿಮ್ಮ ಶಾಲೇಲಿ ಸರಿಹೋಗಬೇಕಾದ್ದು ಏನು, ಬರೀರಿ" ಅಂದಳು ಸ್ವಪ್ನ. ಎಲ್ಲರೂ ಬರೆದರು. ಸೋರುವ ಕೊಠಡಿ, ಕಾಂಪೌಂಡು, ಶಿಕ್ಷಕರ ಕೊರತೆ. ಸ್ವಪ್ನ ಆ ಹಾಳೆಗಳನ್ನೆಲ್ಲ ಒಂದು ಗೋಡೆಗೆ ಅಂಟಿಸಿದಳು. "ಇವೆಲ್ಲಾ ನಿಜವೇ. ಆದರೆ ಇವು ನಿಮ್ಮ ಕೈಯಲ್ಲಿಲ್ಲ. ನಾಳೆ ಬೆಳಗ್ಗೆ ನೀವೇ ಶುರು ಮಾಡಬಹುದಾದ್ದು ಒಂದು ಹೇಳಿ."

ಮುಂದಿನ ದಿನಗಳಲ್ಲಿ ಸ್ವಪ್ನ ಒಂದು ದಾರಿ ತೋರಿಸಿದಳು. ಹೆಡ್‌ಮಾಸ್ಟ್ರು ಆಫೀಸು ಬಿಟ್ಟು ಜೊತೆ ಶಿಕ್ಷಕರ ತರಗತಿಯಲ್ಲಿ ಹಿಂದೆ ಕೂರಬೇಕು, ಮಕ್ಕಳು ಏನು ಮಾಡುತ್ತಾರೆ ನೋಡಬೇಕು, ಆಮೇಲೆ ಇಬ್ಬರೂ ಕೂತು ಮಾತಾಡಬೇಕು. ಯರ್ರಮ್ಮನಿಗೆ ಇದು ಹಿಡಿಸಿತು. ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಡ. ಪಕ್ಕದಲ್ಲಿ ಕೂತಿದ್ದ ನೆರೆಯೂರಿನ ಶಾಲೆಯ ಜುಂಜಣ್ಣ ಮೇಷ್ಟ್ರು ಮಾತ್ರ ನಕ್ಕರು.

"ನಿಮ್ಮ ತಿಪ್ಪೇರುದ್ರಪ್ಪನ ಕ್ಲಾಸಲ್ಲಿ ಕೂರ್ತೀರೇನಮ್ಮಾ? ಕೂತು ನೋಡ್ರಿ, ಗೊತ್ತಾಗ್ತದೆ."

ತಿಪ್ಪೇರುದ್ರಪ್ಪ ಗಣಿತದ ಮೇಷ್ಟ್ರು, ಪರಶುರಾಂಪುರದ ಕಡೆಯವರು. ವಯಸ್ಸಿನಲ್ಲಿ ಯರ್ರಮ್ಮನಿಗಿಂತ ದೊಡ್ಡವರು, ಕೆಲಸಕ್ಕೆ ಸೇರಿದ್ದು ತಡವಾದ್ದರಿಂದ ಸೇವೆಯಲ್ಲಿ ಚಿಕ್ಕವರು. ಅದು ಅವರನ್ನು ಒಳಗೇ ಚುಚ್ಚುತ್ತಿತ್ತು. ಯರ್ರಮ್ಮ ವಾಪಸು ಬಂದು ವಿಷಯ ಎತ್ತಿದ್ದೇ ತಡ, ಅವರ ಮುಖ ಕೆಂಪಾಯಿತು.

"ತಪ್ಪು ಹಿಡಿಯೋಕೆ ಬರ್ತೀರಾ ಮೇಡಂ? ಬರ್ರಿ. ನಾನು ರಜಾ ಹಾಕಿ ಹೋಗ್ತೀನಿ."

ಆವತ್ತಿನಿಂದ ಅವರು ಟೀ ಕುಡಿಯಲು ಸ್ಟಾಫ್ ರೂಮಿಗೆ ಬರುವುದನ್ನೇ ಬಿಟ್ಟರು. ಬೇವಿನ ಮರದ ಕೆಳಗೆ ಒಬ್ಬರೇ ನಿಂತು ಕುಡಿದು ಲೋಟ ತೊಳೆದಿಡುವರು. ಉಳಿದ ಶಿಕ್ಷಕರು ಇಬ್ಬರ ನಡುವೆ ಸಿಕ್ಕಿ ಒದ್ದಾಡಿದರು. ಯರ್ರಮ್ಮನಿಗೆ ತರಬೇತಿಯ ಮೇಲೇ ಸಿಟ್ಟು ಬಂತು. ಇದ್ದ ನೆಮ್ಮದಿಯೂ ಹೋಯಿತಲ್ಲ ಅನಿಸಿತು. ಸ್ವಪ್ನಳಿಗೆ ಫೋನ್ ಮಾಡಿ ಹಾಗೇ ಅಂದಳು. ಸ್ವಪ್ನ ಕೇಳಿದಳು: "ನಿಮ್ಮ ಕ್ಲಾಸಿಗೆ ಯಾರಾದ್ರೂ ಬಂದು ಕೂತಿದ್ದಾರಾ ಮೇಡಂ?"

ಯಾರೂ ಕೂತಿರಲಿಲ್ಲ. ಮರುದಿನ ಯರ್ರಮ್ಮ ತಾನೇ ಬೇವಿನ ಮರದ ಹತ್ತಿರ ಹೋದಳು.

"ಸಾರ್, ನನ್ನ ಮೂರನೇ ಕ್ಲಾಸಿನ ಕನ್ನಡಕ್ಕೆ ನೀವು ಬಂದು ಕೂತ್ಕೊಳ್ರಿ. ಏನು ಕಂಡ್ತೋ ಹೇಳ್ರಿ. ನಾನು ನಿಮ್ಮ ಕ್ಲಾಸಿಗೆ ಬರೋ ಮಾತೇ ಇಲ್ಲ, ಬಿಡ್ರಿ."

ತಿಪ್ಪೇರುದ್ರಪ್ಪ ಇದರಲ್ಲಿ ಏನು ಹೂಟವಿದೆಯೋ ಅಂತ ಒಂದು ಸಲ ನೋಡಿದರು. ಆದರೂ ಬಂದರು. ಹಿಂದಿನ ಸಾಲಿನಲ್ಲಿ, ಮಕ್ಕಳ ನಡುವೆ, ಮೊಣಕಾಲು ಮಡಚಿ ಚಾಪೆಯ ಮೇಲೆ ಕೂತರು. ಪಾಠ ಮೋಡದ ಮೇಲಿನ ಪದ್ಯ. ಯರ್ರಮ್ಮ ರಾಗವಾಗಿ ಹಾಡಿಸಿದಳು, ಅರ್ಥ ಬಿಡಿಸಿ ಹೇಳಿದಳು. "ಅರ್ಥ ಆಯ್ತಾ?" ಅಂದರೆ "ಆಯ್ತು ಮಿಸ್!" ಅಂತ ತರಗತಿ ಒಂದೇ ದನಿಯಲ್ಲಿ ಕೂಗಿತು. ಚೆನ್ನಾಗೇ ಆಯಿತು ಅಂದುಕೊಂಡು ಹೊರಬಂದಳು.

ಮೇಷ್ಟ್ರು ಕನ್ನಡಕ ಒರೆಸುತ್ತಾ ಹಿಂದೆಯೇ ಬಂದರು.

"ಹಾಡು ಚೆನ್ನಾಗಿತ್ತು ಮೇಡಂ. ಆದರೆ ನನ್ನ ಪಕ್ಕ ಕೂತಿದ್ದಳಲ್ಲ ಕಾವ್ಯ, ಪದ್ಯ ಎಲ್ಲಾ ಹಾಡಿ ಮುಗಿಸಿ ಮೆತ್ತಗೆ ನನ್ನ ಕೇಳಿದ್ಳು, 'ಮೋಡ ಅಂಟೇ ಏಮಿ ಸಾರ್?' ಅಂತ. ಮೋಡ ಅಂದ್ರೇನು ಅಂತಲೇ ಗೊತ್ತಿಲ್ಲ ಅವಳಿಗೆ. ತೆಲುಗಲ್ಲಿ ಹೇಳೋ ಹಂಗೆ ಮಬ್ಬು ಕಣಮ್ಮಾ ಅಂದೆ. ಆಮೇಲೆ ಆ ಸಾಲಿನವರೆಲ್ಲಾ ಒಬ್ಬರಿಗೊಬ್ಬರು ಮಬ್ಬು, ಮಬ್ಬು ಅಂತ ಹೇಳ್ಕೊಂಡ್ರು." ಕನ್ನಡಕ ಏರಿಸಿಕೊಂಡು ಮತ್ತೆ ಅಂದರು: "ಹಟ್ಟಿ ಮಕ್ಕಳು. ಮನೇಲಿ ತೆಲುಗು. ನಿಮ್ಮ ಮನೇಲೂ ತೆಲುಗೇ ಅಲ್ವಾ? ಕ್ಲಾಸಲ್ಲಿ ಒಂದು ಮಾತೂ ಆಡಲ್ಲ ನೀವು."

ಯರ್ರಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. "ಕನ್ನಡ ಶಾಲೆ ಇದು ಸಾರ್" ಅಂದು ಸರಸರ ಆಫೀಸಿಗೆ ಹೋಗಿ ಕೂತಳು.

ಆಕೆ ಹುಟ್ಟಿದ್ದೂ ಅಂಥದೇ ಹಟ್ಟಿಯಲ್ಲಿ. ಅಪ್ಪ ಜಂಪಣ್ಣ ಕುರಿ ಕಾಯುತ್ತಿದ್ದ. ಒಂದನೇ ತರಗತಿಯಲ್ಲಿ ಬಾಯಾರಿ, ಎದ್ದು ನಿಂತು "ನೀಳ್ಳು" ಅಂದಿದ್ದಳು. ಇಡೀ ತರಗತಿ ನಕ್ಕಿತ್ತು. ನೀರು ಅನ್ನುವ ತನಕ ನಿಂತಿರು ಅಂದಿದ್ದರು ಮೇಷ್ಟ್ರು. ಅಂದಿನಿಂದ ಶಾಲೆಯ ಬಾಗಿಲು ದಾಟಿದ ಮೇಲೆ ಆಕೆ ಮನೆ ಮಾತನ್ನು ಬಾಯಿಗೆ ತಂದವಳಲ್ಲ. ಕನ್ನಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಳು, ಟೀಚರಾದಳು. ಹಾಗಿದ್ದೇ ಮೇಲೆ ಬಂದೆ ಅಂತಲೇ ನಂಬಿದ್ದಳು. ಈ ಮಕ್ಕಳೂ ತಿಳಿಯದ್ದನ್ನು ತಿಳಿಯಿತು ಅಂತ ಯಾಕೆ ಕೂಗುತ್ತಾರೆ ಅನ್ನುವುದು ಮಿಕ್ಕವರಿಗೆ ಹೊಳೆಯದಿದ್ದರೂ ತನಗೆ ಹೊಳೆಯಬೇಕಿತ್ತು ಅನಿಸಿ, ಆ ಮಧ್ಯಾಹ್ನ ಊಟ ಸೇರಲಿಲ್ಲ.

ಮುಂದಿನ ವಾರದಿಂದ ಪಾಠಕ್ಕೆ ಮೊದಲು ಅದರ ಕಥೆಯನ್ನು ತೆಲುಗಿನಲ್ಲಿ ಹೇಳತೊಡಗಿದಳು. ಮೊದಲ ದಿನ ನಾಲಿಗೆ ತೊಡರಿತು. ಮಕ್ಕಳು ಬಿಟ್ಟ ಬಾಯಿ ಬಿಟ್ಟಂತೆ ನೋಡಿದರು, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿ ಗಲಾಟೆ ಎಬ್ಬಿಸಿದರು. ಅದೇ ಕಥೆ ಕನ್ನಡದಲ್ಲಿ ಬಂದಾಗ ಪ್ರಶ್ನೆಗಳೂ ಬಂದವು.

ಸುದ್ದಿ ಊರು ಮುಟ್ಟಿತು. ಎಸ್‌ಡಿಎಂಸಿ ಅನ್ನುವ ಶಾಲಾ ಸಮಿತಿಯ ಅಧ್ಯಕ್ಷ ಮಾರಯ್ಯ, ಕಾವ್ಯಳ ತಾತ, ಕಂಬಳಿ ಹೆಗಲಿಗೆ ಹಾಕಿಕೊಂಡು ಸೀದಾ ಆಫೀಸಿಗೆ ಬಂದ.

"ಟೀಚರಮ್ಮಾ, ತೆಲುಗು ನಮ್ಮನೇಲೇ ಐತೆ. ಅದನ್ನ ಕಲಿಯೋಕೆ ಇಲ್ಲಿಗ್ಯಾಕೆ ಕಳಿಸ್ಬೇಕು? ಆಫೀಸಿಗೆ, ಆಸ್ಪತ್ರೆಗೆ ಹೋದ್ರೆ ಕನ್ನಡ ಬೇಕಲ್ಲ. ನಮ್ಮಂಗೇ ಬಾಯಿ ಮುಚ್ಕೊಂಡು ನಿಂತ್ಕೊಳ್ಬೇಕಾ ಇವೂ?"

ಅವನ ಮಾತಿನಲ್ಲಿ ತೂಕವಿತ್ತು. "ಕನ್ನಡ ಬರಲಿ ಅಂತಾನೇ ಮಾಡ್ತಿರೋದು ಮಾರಯ್ಯಾ. ಸುಮ್ಮನೆ ಬಾಯಿಪಾಠ ಹೇಳಿದ್ರೆ ಬರಲ್ಲ. ಸಂಕ್ರಾಂತಿ ತನಕ ನೋಡು. ಆಗಲೂ ಬರದಿದ್ರೆ ನಿಲ್ಲಿಸ್ತೀನಿ" ಅಂದಳು.

ಮಾರಯ್ಯ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಆಗಾಗ ಬಂದು ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡು ಹೋಗುತ್ತಿದ್ದ.

ಇದೆಲ್ಲ ನೋಡುತ್ತಿದ್ದ ತಿಪ್ಪೇರುದ್ರಪ್ಪ ಒಂದು ಬೆಳಗ್ಗೆ ಸ್ಟಾಫ್ ರೂಮಿಗೆ ಬಂದು ಟೀ ಲೋಟ ಎತ್ತಿಕೊಂಡರು. "ಏಳನೇ ಕ್ಲಾಸಲ್ಲಿ ಭಿನ್ನರಾಶಿ ಐತೆ ಇವತ್ತು. ಪುರುಸೊತ್ತಿದ್ರೆ ಬರ್ರಿ" ಅಂದರು, ಕಿಟಕಿ ಕಡೆ ನೋಡುತ್ತಾ. ಯರ್ರಮ್ಮ ಹೋಗಿ ಕೂತಳು. ಲೆಕ್ಕ ಬಿಡಿಸುವುದರಲ್ಲಿ ಅವರ ಕೈಚಳಕ ಕಣ್ಣಿಗೆ ಹಬ್ಬ. ಆದರೆ ಮಕ್ಕಳು ಬರೆದುಕೊಳ್ಳುವ ಮೊದಲೇ ಬೋರ್ಡು ಒರೆಸಿಬಿಡುತ್ತಿದ್ದರು. ಹೇಳಿದಾಗ ಅವರು ತಲೆ ಕೆರೆದುಕೊಂಡು ನಕ್ಕರು. "ನಮ್ಮ ಮನೆಯವಳೂ ಅದೇ ಅಂತಾಳೆ. ನಾವು ಉಂಡು ಮುಗಿಸೋಕೆ ಮೊದಲೇ ತಟ್ಟೆ ಎತ್ತಿಬಿಡ್ತೀರಿ ಅಂತ."

ಮೆಲ್ಲಗೆ ಉಳಿದ ಶಿಕ್ಷಕರೂ ಸೇರಿಕೊಂಡು, ಬುಧವಾರ ಒಬ್ಬರ ಕ್ಲಾಸಲ್ಲಿ ಇನ್ನೊಬ್ಬರು ಕೂರುವುದು ರೂಢಿಯಾಯಿತು. ಸಂಕ್ರಾಂತಿ ಬಂತು. ಮೂರನೇ ತರಗತಿಯ ಬಹುಪಾಲು ಮಕ್ಕಳು ಕಥೆ ಓದಿ ತಮ್ಮ ಮಾತಿನಲ್ಲಿ ಕನ್ನಡದಲ್ಲೇ ಹೇಳುವಂತಾಗಿದ್ದರು. ಕೆಲವರಿಗೆ ಇನ್ನೂ ಅಕ್ಷರ ಕೂಡುತ್ತಿರಲಿಲ್ಲ. ಕಾವ್ಯ ತಾತನ ಎದುರು ಒಂದು ಪುಟ ಓದಿದಳು, ನಡುವೆ ಎರಡು ಕಡೆ ಎಡವಿದಳು. ಮಾರಯ್ಯ ಹೊಗಳಲಿಲ್ಲ. ನಿಲ್ಲಿಸು ಅಂತಲೂ ಅನ್ನಲಿಲ್ಲ.

ಹಬ್ಬ ಕಳೆದ ಮೇಲೆ ಖಾಯಂ ಹೆಡ್‌ಮಾಸ್ಟ್ರು ಬಂದರು. ಎರ್ರಿಸ್ವಾಮಿ ಅಂತ, ಇನ್ನೂ ಸಣ್ಣ ವಯಸ್ಸು. ಯರ್ರಮ್ಮ ಬೀರುವಿನ ಬೀಗದಕೈ ಅವರ ಕೈಗಿಟ್ಟಳು. ಬೇಗ ಮುಗಿಯಲಿ ಅಂದುಕೊಂಡಿದ್ದ ಕೆಲಸ ಮುಗಿದಿತ್ತು. ಹಗುರವಾಯಿತು ನಿಜ, ಆದರೆ ಅಂದುಕೊಂಡಷ್ಟು ಖುಷಿಯಾಗಲಿಲ್ಲ.

ಮೊದಲ ಮೀಟಿಂಗಿನಲ್ಲಿ ಎರ್ರಿಸ್ವಾಮಿ ವೇಳಾಪಟ್ಟಿ ಹಿಡಿದು ಕೇಳಿದರು: "ಬುಧವಾರ ಒಬ್ಬರ ಕ್ಲಾಸಲ್ಲಿ ಇನ್ನೊಬ್ಬರು ಅಂತ ಬರೆದೈತಲ್ಲ, ಏನಿದು?"

ಯರ್ರಮ್ಮ ಬಾಯಿ ತೆರೆಯುವ ಮೊದಲೇ ತಿಪ್ಪೇರುದ್ರಪ್ಪ ಶುರು ಮಾಡಿದ್ದರು. "ಅದು ಇಲ್ಲಿ ನಡೆದುಕೊಂಡು ಬಂದೈತೆ ಸಾರ್. ಈ ಬುಧವಾರ ನೀವೇ ಪಾಠ ಮಾಡ್ರಿ, ನಾವು ಕೂರ್ತೀವಿ."

ಹೊಸ ಹೆಡ್‌ಮಾಸ್ಟ್ರು ಒಂದು ಕ್ಷಣ ಗಲಿಬಿಲಿಗೊಂಡು, "ಆಯ್ತು" ಅಂದರು.